ಇನಾಮದಾರ ಡಾಕ್ಟರರ ಸಹಿ

11-6-84, ಸೋಮವಾರ. ಖಾನಾಪುರ, ಮಧ್ಯಾಹ್ನ 1-30

ನಲವತ್ತೊಂದು ಪೇಷಂಟು. ಹದಿನೇಳು ಜ್ವರ, ಒಂಬತ್ತು ಭೇದಿ, ಉಳಿದದ್ದೆಲ್ಲ ಮೈಕೈ ನೋವು. ಮಳೆ ಶುರುವಾದರೆ ಸಾಕು, ಈ ತಾಲೂಕಿನವರಿಗೆ ತಮಗೊಂದು ಮೈ ಇರುವುದು ನೆನಪಾಗುತ್ತದೆ. ಜ್ವರದ ಮಿಕ್ಸ್ಚರ್ ಎರಡನೇ ಜಾರೂ ಖಾಲಿ. ಬಾಟಲಿಗೆ ಅಂಟಿಸುವ ಡೋಸಿನ ಪಟ್ಟಿ ಕತ್ತರಿಸಿ ಕತ್ತರಿಸಿ ಹೆಬ್ಬೆರಳಿಗೆ ಗುಳ್ಳೆ ಬಂದಿದೆ.

ಬೀಡಿ ಊರಿನ ಶಿವಬಸವ್ವ ಇವತ್ತೂ ಹಾಜರು. ಮುದುಕಿಗೆ ಏನೂ ಆಗಿಲ್ಲ.

"ಡಾಕ್ಟರ್ರ, ಸೂಜಿ ಮಾಡ್ರಿ."

"ಸೂಜಿ ಬ್ಯಾಡಬೇ. ಗುಳಿಗಿ ಕೊಡ್ತೀನಿ."

"ಗುಳಿಗಿ ನಮ್ಮೂರಾಗೂ ಸಿಗ್ತಾವು. ಸೂಜಿ ಸಲುವಾಗಿ ಬಸ್ಸಿಗೆ ಬಂದೀನಿ."

ಬಿ ಕಾಂಪ್ಲೆಕ್ಸ್ ಚುಚ್ಚಿದೆ. ಹರಸಿ ಹೋದಳು.

ಡಾಕ್ಟರ್ರ ಅಂತಾಳೆ. ಎಲ್ಲರೂ ಅಂತಾರೆ. ಹೊರಗಿನ ಬೋರ್ಡಿನಲ್ಲಿ ಇರುವುದು ಡಾ. ಮಾರ್ತಾಂಡ ಪಾಂ. ಇನಾಮದಾರ, ಸೋಮ-ಗುರು-ಶನಿ. ಆ ಮಾರ್ತಾಂಡರು ಈ ಖುರ್ಚಿಯಲ್ಲಿ ಕೂತು ಹತ್ತು ವರ್ಷವಾಯಿತು. ಬೆಳಗಾವಿಯಲ್ಲಿ, ಟಿಳಕವಾಡಿಯ ದವಾಖಾನೆಯಲ್ಲಿ, ಫ್ಯಾನಿನ ಕೆಳಗೆ ಇರುತ್ತಾರೆ. ನಾನು ಅವರ ಕಂಪೌಂಡರ್. ಗುರುಪುತ್ರಪ್ಪ ಲಕ್ಷ್ಮಪ್ಪ ತೋಟಗಿ, ಮ್ಯಾಟ್ರಿಕ್ ಪಾಸು, ವಯಸ್ಸು ಮೂವತ್ತೈದು. ಇದನ್ನು ಯಾರಿಗೆ ಹೇಳುತ್ತಿದ್ದೇನೋ. ಸಿಟ್ಟು ಬಂದಾಗ ಹೆಸರು ಬರೆದುಕೊಳ್ಳುವುದು ಒಂದು ಚಟ.

14-6-84, ಗುರುವಾರ. ಖಾನಾಪುರ ಸ್ಟೇಶನ್, ಸಂಜೆ 5

ಪ್ಯಾಸೆಂಜರ್ ಒಂದು ತಾಸು ಲೇಟು. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಔಷಧ ಕಂಪನಿಯವನು ಕೊಟ್ಟ ಹೋದ ವರ್ಷದ ಡೈರಿ. ಹೊಸದು ಡಾಕ್ಟರರಿಗೆ, ಹಳೆಯದು ಕಂಪೌಂಡರನಿಗೆ. ಅಚ್ಚಾದ ವಾರದ ಹೆಸರು ಹೊಡೆದುಹಾಕಿ ಬರೆಯಬೇಕು.

ಲೋಂಡಾದ ರೈಲ್ವೆಯವರು ಮೂವರು ಸಿಕ್ ಸರ್ಟಿಫಿಕೇಟಿಗೆ ಬಂದಿದ್ದರು. ಒಬ್ಬನಿಗೆ ಖರೇ ಕಾಮಾಲೆ. ಇಬ್ಬರಿಗೆ ಊರ ಕೆಲಸ. ಮೂವರಿಗೂ ಬರೆದುಕೊಟ್ಟು ಸಹಿ ಹಾಕಿದೆ. ಎಂ. ಪಿ. ಇನಾಮದಾರ. ಇಂಗ್ಲಿಷ್ ಎಂ ದೊಡ್ಡದು. ಕೊನೆಯ ಆರ್‌ನ ಬಾಲ ಹಿಂದಕ್ಕೆ ತಿರುಗಿ ಇಡೀ ಹೆಸರಿನ ಕೆಳಗೆ ಗೆರೆಯಾಗುತ್ತದೆ. ಕಣ್ಣು ಮುಚ್ಚಿ ಹಾಕಬಲ್ಲೆ.

ಮೊದಲು ಹೀಗಿರಲಿಲ್ಲ. ಡಾಕ್ಟರರು ಖಾಲಿ ಹಾಳೆಗಳಿಗೆ ಸಹಿ ಮಾಡಿ ಕೊಟ್ಟು ಕಳಿಸುತ್ತಿದ್ದರು. 74ರ ಮಳೆಗಾಲದಲ್ಲಿ ಹಾಳೆ ತೀರಿದವು. ಮಳೆಗೆ ರೈಲು ಬಂದ್ ಆಗಿತ್ತು. ಎದುರಿಗೆ ಹಳಿ ಕೆಲಸದ ಒಬ್ಬ ಗ್ಯಾಂಗ್‌ಮನ್, ಕಾಗದ ಇಲ್ಲದಿದ್ದರೆ ಕೆಲಸ ಹೋಗುತ್ತದೆಂದು ಅಳುತ್ತ ಕೂತಿದ್ದ. ನಾನೇ ಹಾಕಿದೆ. ಹೆದರಿಕೊಂಡೇ ಇನ್ನೊಂದು ಹಾಳೆಯ ಮೇಲೆ ಹಾಗೇ ಹಾಕಿ ಡಾಕ್ಟರರಿಗೆ ತೋರಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಕನ್ನಡಕ ಮೇಲೇರಿಸಿ ನೋಡಿ ನಕ್ಕರು.

"ಅರೇ, ನನಗಿಂತ ಛಲೋ ಮಾಡೀಯಲ್ಲೋ."

ಅವತ್ತಿನಿಂದ ಟಿಳಕವಾಡಿಯ ಕಾಗದಗಳೂ ನನ್ನ ಪಾಲು. ಶಾಲೆಯ ಮಕ್ಕಳ ಸರ್ಟಿಫಿಕೇಟು, ಸ್ಪಿರಿಟ್ ಪರವಾನಿಗೆಯ ಅರ್ಜಿ, ಸರ್ಕಾರಕ್ಕೆ ಕಳಿಸುವ ಕಾಲರಾ ರಿಪೋರ್ಟು... ಎಲ್ಲ. ಡಾಕ್ಟರರು ಪೆನ್ನು ಮುಟ್ಟುವುದು ಈಗ ಪೇಪರಿನ ಶಬ್ದಬಂಧಕ್ಕೆ. ಅದೂ ಮರಾಠಿ ಪೇಪರು.

ಸಿಗ್ನಲ್ ಬಿತ್ತು.

19-6-84, ಮಂಗಳವಾರ. ಟಿಳಕವಾಡಿ, ಮಧ್ಯಾಹ್ನ

ಪೇಪರಿನಲ್ಲಿ ಜಾಹೀರಾತು ಬಂದಿದೆ. ಕತ್ತರಿಸಿ ಇಟ್ಟುಕೊಂಡೆ. ರಜಿಸ್ಟರ್ ಆದ ಡಾಕ್ಟರರ ಕೈಕೆಳಗೆ ಐದು ವರ್ಷ ಔಷಧ ಕೊಟ್ಟ ಅನುಭವ ಇರುವ ಮ್ಯಾಟ್ರಿಕ್ ಪಾಸಾದವರು ಫಾರ್ಮಸಿಸ್ಟ್ ಪರೀಕ್ಷೆಗೆ ಕೂಡಬಹುದು. ಡಾಕ್ಟರರ ಸರ್ಟಿಫಿಕೇಟು ಲಗತ್ತಿಸಬೇಕು. ಇದೇ ಕೊನೆಯ ಸಲ. ಮುಂದೆ ಡಿಪ್ಲೊಮಾ ಆದವರಿಗೆ ಮಾತ್ರ. ಆಗಸ್ಟ್ 31ರ ಒಳಗೆ.

ನಾಲ್ಕು ಸಲ ಓದಿದೆ.

ಮಿಕ್ಸ್ಚರಿನ ಕಾಲ ಮುಗಿಯುತ್ತ ಬಂದಿದೆ. ಟಿಳಕವಾಡಿಯವರು ಈಗ ಬಾಟಲಿ ತರುವುದೇ ಇಲ್ಲ. ಸ್ಟ್ರಿಪ್ಪಿನಲ್ಲಿ ಬಂದ ಗುಳಿಗೆಯನ್ನೇ ಕೇಳುತ್ತಾರೆ. ಸ್ಟ್ರಿಪ್ಪು ಕತ್ತರಿಸಿ ಕೊಡುವುದಕ್ಕೆ ಕಂಪೌಂಡರ್ ಯಾಕೆ ಬೇಕು? ಇನ್ನು ಹತ್ತು ವರ್ಷಕ್ಕೆ ಆ ಶಬ್ದವೇ ಇರುವುದಿಲ್ಲ. ಆಗ ನನಗೆ ನಲವತ್ತೈದು. ಪರೀಕ್ಷೆ ಪಾಸಾದರೆ ಸರ್ಕಾರಿ ದವಾಖಾನೆ, ಇಲ್ಲವೆಂದರೆ ಯಾರದಾದರೂ ಮೆಡಿಕಲ್ ಶಾಪು. ಕೊನೆಗೆ ಒಂದು ಹುದ್ದೆಯ ಹೆಸರಾದರೂ ಸಿಗುತ್ತದೆ.

ಇಷ್ಟು ಬರೆಯುವಷ್ಟರಲ್ಲಿ ಡಾಕ್ಟರರ ಹೆಂಡತಿ ಚಂದ್ರಭಾಗಾಬಾಯಿ ಒಳಗಿಂದ ಕರೆದರು. "ಗುರುಪುತ್ರ, ಜರಾ ಗಿರಣಿಗೆ ಹೋಗಿ ಹಿಟ್ಟು ಬೀಸಿಕೊಂಡು ಬಾ." ಹೋದೆ. ಹನ್ನೊಂದು ವರ್ಷದ ಅನುಭವದಲ್ಲಿ ಇದೂ ಬರುತ್ತದೆ. ಗೋಧಿ ಬೇರೆ, ಜೋಳ ಬೇರೆ.

20-6-84, ಬುಧವಾರ

ಕೇಳಿಯೇಬಿಟ್ಟೆ. ಪೇಷಂಟು ಇಲ್ಲದ ಹೊತ್ತು ನೋಡಿ.

"ಸಾಹೇಬ್ರ, ಒಂದು ಸರ್ಟಿಫಿಕೇಟ್ ಬೇಕಾಗಿತ್ತು."

"ಯಾರಿಗೆ? ಬರದು ಕೊಟ್ಟು ಕಳಸು."

"ನನಗರಿ."

ಜಾಹೀರಾತು ಮುಂದಿಟ್ಟೆ. ಓದಿದರು. ಮಡಚಿ ನನ್ನ ಕಡೆಗೇ ದೂಡಿದರು.

"ಫಾರ್ಮಸಿಸ್ಟ್ ಆಗಿ ಏನ್ ಮಾಡಾಂವ? ಸರ್ಕಾರಿ ದವಾಖಾನಿ ಕಿಡಕ್ಯಾಗ ಕುಂತು ಗುಳಿಗಿ ಎಣಸಾಂವ?"

"ಎಣಸ್ತೀನ್ರಿ. ಪೆನ್ಶನ್ ಐತ್ರಿ."

"ಖಾನಾಪುರ ಯಾರು ನೋಡ್ಬೇಕು?"

"ನೀವ ನೋಡ್ರಿ. ಬೋರ್ಡ್ ನಿಮ್ಮದ ಐತಿ."

ಬಾಯಿ ತಪ್ಪಿ ಬಂತು. ಬಂದದ್ದು ಬಂತು.

"ಮಗ್ರೂರಿ ಬಂದೈತಿ ನಿನಗ. ಬೀಡಿಯಿಂದ ಬಂದಾಗ ಔನ್ಸ್ ಗ್ಲಾಸ್ ಹಿಡಿಯಾಕ ಬರ್ತಿದ್ದಿಲ್ಲ. ಯಾರು ಕಲಿಸಿದ್ರು?"

"ನೀವ ಕಲಿಸೀರಿ. ಅಷ್ಟ ಬರದುಕೊಡ್ರಿ."

"ಹನ್ನೊಂದ ವರ್ಷ ಔಷಧ ಕೊಟ್ಟಾನ ಅಂತ ಬರದ್ರ, ಎಲ್ಲಿ ಕೊಟ್ಟಾನ ಅಂತ ಕೇಳಂಗಿಲ್ಲೇನು? ನನ್ನ ಕೊರಳಿಗೆ ಹಗ್ಗ ಹಾಕಾಕ ಹೊಂಟೀಯೇನು?"

ಟಿಳಕವಾಡಿ ಅಂತ ಬರೆದರೆ ಸಾಕು ಎಂದೆ. ಅದೂ ಸುಳ್ಳಲ್ಲ, ವಾರಕ್ಕೆ ಮೂರು ದಿನ ಇಲ್ಲೇ ಇರುತ್ತೇನೆ. ನೋಡೂಣು ಅಂದರು. ಅವರ "ನೋಡೂಣು" ನನಗೆ ಗೊತ್ತು. ವಾಸಿಯಾಗದ ಪೇಷಂಟಿಗೂ ಅದನ್ನೇ ಅನ್ನುತ್ತಾರೆ.

21-6-84. ಶಹಾಪುರ, ಮನೆ. ಮುಂಜಾನೆ 6

ಹೆಂಡತಿ ಕಾಂತಾ ರೊಟ್ಟಿ ಬಡಿಯುತ್ತ ಹೇಳಿದಳು, "ಮಂದಿ ಸಲುವಾಗಿ ಸಾವಿರ ಸಹಿ ಹಾಕೀರಿ. ನಿಮ್ಮ ಸಲುವಾಗಿ ಒಂದ ಹಾಕಾಕ ಕೈ ಬರವಲ್ದು?"

ಹಾಕುವುದಿಲ್ಲ ಎಂದೆ. ಇದೊಂದು ಖರೇ ಇರಬೇಕು. ನನ್ನ ಕೆಲಸಕ್ಕೆ ನಾನೇ ಸಾಕ್ಷಿ ಬರೆದುಕೊಂಡರೆ, ಇಷ್ಟು ವರ್ಷ ನಾನು ಏನೋ ಒಂದು ಮಾಡಿದೆ ಎಂದು ಬೇರೆ ಯಾರು ಹೇಳಿದ ಹಾಗಾಯಿತು? ಯಾರೂ ಇಲ್ಲ. ಅವರ ಬಾಯಿಂದ ಬರದಿದ್ದರೂ ಅವರ ಕೈಯಿಂದ ಬರಬೇಕು.

"ಶಾಣ್ಯಾ ಅದೀರಿ ಬಿಡ್ರಿ" ಅಂದಳು. ರೊಟ್ಟಿ ಸೀದಿತು. ಸೀದದ್ದು ನನ್ನ ತಾಟಿಗೇ ಬಂತು.

6-7-84

ಕೇಳಿದೆ. ನಾಳೆ ಅಂದರು.

10-7-84

ಕೇಳಿದೆ. ಲೆಟರ್‌ಹೆಡ್ ಇಲ್ಲ ಅಂದರು. ಲೆಟರ್‌ಹೆಡ್ ಪ್ರೆಸ್ಸಿಗೆ ಹೋಗಿ ಮಾಡಿಸಿಕೊಂಡು ಬರುವವನು ನಾನೇ. ಎರಡು ನೂರು ಹಾಳೆ ಕಪಾಟಿನಲ್ಲಿವೆ.

12-7-84, ಗುರುವಾರ. ಮುಂಜಾನೆ 8

ಖಾನಾಪುರಕ್ಕೆ ಹೋಗಲಿಲ್ಲ. ಸೀದಾ ಟಿಳಕವಾಡಿಗೆ ಹೋಗಿ ನಿಂತೆ.

"ಇಲ್ಲ್ಯಾಕ ಬಂದಿ? ಇವತ್ತ ಗುರುವಾರ."

"ಇನ್ನ ಮುಂದ ಇಲ್ಲೇ ಬರ್ತೀನ್ರಿ. ಖಾನಾಪುರದ ಬೋರ್ಡಿನ ಮ್ಯಾಲ ನನ್ನ ಹೆಸರಿಲ್ಲ."

ಡಾಕ್ಟರರ ಮುಖ ಕೆಂಪಾಯಿತು. ಒಳಗಿನಿಂದ ಚಂದ್ರಭಾಗಾಬಾಯಿ ಮರಾಠಿಯಲ್ಲಿ ಏನೋ ಅಂದರು. ನನಗೆ ಮರಾಠಿ ಬರುತ್ತದೆಂದು ಅವರಿಗೆ ಗೊತ್ತಿದೆ. ಗೊತ್ತಿದ್ದೇ ಅಂದರು.

24-7-84, ಮಂಗಳವಾರ

ಐದು ಪಾಳಿ ಖಾನಾಪುರ ಬಾಗಿಲು ಮುಚ್ಚಿತ್ತು. ನಿನ್ನೆ ಡಾಕ್ಟರರೇ ಹೋಗಿದ್ದರಂತೆ. ಮೊಣಕಾಲು ನೋವು ಇಟ್ಟುಕೊಂಡು, ಟ್ಯಾಕ್ಸಿ ಮಾಡಿಕೊಂಡು. ಇವತ್ತು ಮುಂಜಾನೆ ನಾನು ಕಸ ಹೊಡೆಯುವುದನ್ನೂ ಕಾಯದೆ ಶುರು ಮಾಡಿದರು.

"ಒಬ್ಬಾಕಿ ಮುದಿಕಿ ಬಂದ್ಲು. ನನ್ನ ಮಾರಿ ನೋಡಿ, ಡಾಕ್ಟರ್ ಯಾವಾಗ ಬರ್ತಾರಪಾ ಅಂದ್ಲು. ನಾನ ಡಾಕ್ಟರ್ ಅಂದೆ. ನಕ್ಕಳು. ಹೊರಗ ಹೋಗಿ ಮಂದಿಗೆ ಹೇಳಿದ್ಲು, ಯಾರೋ ಬ್ಯಾರೇದಾಂವ ಬಂದು ಕುಂತಾನ ಅಂತ. ಹನ್ನೆರಡ ಮಂದಿ ಎದ್ದು ಹೋದ್ರು."

ಪೊರಕೆ ಹಿಡಿದು ನೆಲ ನೋಡುತ್ತಿದ್ದೆ. ನಗು ತಡೆಯುವುದು ಕಷ್ಟವಾಯಿತು.

"ಏನ್ ಕಲಿಸಿ ಇಟ್ಟೀ ಅವರಿಗೆ?"

"ಏನೂ ಕಲಿಸಿಲ್ರಿ. ಹತ್ತ ವರ್ಷ ಹೋಗಿ ಕುಂತೀನಿ, ಅಷ್ಟ."

27-7-84, ಶುಕ್ರವಾರ. ಮಧ್ಯಾಹ್ನ 12

ಸಹಿ ಮಾಡಿದರು.

ಸರ್ಟಿಫಿಕೇಟು ಟೈಪ್ ಮಾಡಿಸಿಕೊಂಡು ಹೋಗಿದ್ದೆ. ಪೆನ್ನು ಕೊಟ್ಟೆ. "ನೀನ ಹಾಕ್ಕೋ" ಅಂದರು. ಇಲ್ಲ, ನೀವು ಹಾಕಬೇಕು ಎಂದೆ. ಆಮೇಲೆ ಹಾಳೆ ಓರೆ ಮಾಡಿಕೊಂಡು ಬರೆದರು. ನಿಧಾನ. ಎಂ ಸಣ್ಣದಾಯಿತು. ಆರ್‌ನ ಬಾಲ ಅರ್ಧಕ್ಕೇ ನಿಂತುಹೋಯಿತು. ಅವರೇ ಅದನ್ನು ನೋಡಿ ಹುಬ್ಬು ಗಂಟು ಹಾಕಿದರು.

ನಾನು ಹಾಕಿದ್ದರೆ ಚೆಂದ ಇರುತ್ತಿತ್ತು. ಆದರೂ ಕಣ್ಣು ತುಂಬಿತು. ಬಗ್ಗಿ ಕಾಲು ಮುಟ್ಟಿದೆ. "ಸೋಮವಾರದಿಂದ ಖಾನಾಪುರ" ಅಂದರು. ಹೂಂ ಎಂದೆ.

ಕಾಲು ಮುಟ್ಟಬಾರದಿತ್ತು. ಆದರೆ ಇವತ್ತು ಸಂತೋಷವಾಗಿದೆ. ಸುಳ್ಳು ಯಾಕೆ ಹೇಳಲಿ.

3-8-84

ಅರ್ಜಿ ಜಿಲ್ಲಾ ಆರೋಗ್ಯ ಆಫೀಸಿಗೆ ಕೊಟ್ಟು ರಸೀದಿ ಪಡೆದೆ. ಹೆಡ್ ಕ್ಲಾರ್ಕ್ ನಾಗಲಿಂಗ ಎನ್ನುವವರು. ಡಾಕ್ಟರರ ಹೆಸರು ನೋಡಿ, "ಇನಾಮದಾರ ಸಾಹೇಬ್ರೇನು? ಅವರ ಫೈಲ್ ಐತಿ ನಮ್ಮಲ್ಲಿ, ಎಷ್ಟ್ ಚೊಕ್ಕ ಕಾಗದ ಬರೀತಾರ" ಅಂದರು. ನನ್ನ ಎದುರಿಗೆ ನನ್ನನ್ನು ಹೊಗಳಿದವರು ಅವರೊಬ್ಬರೇ. ಹಿಗ್ಗುತ್ತ ಮನೆಗೆ ಬಂದೆ.

11-9-84, ಮಂಗಳವಾರ

ರಜಿಸ್ಟರ್ಡ್ ಪತ್ರ. ನನಗೊಂದು, ಡಾಕ್ಟರರಿಗೊಂದು. ಸರ್ಟಿಫಿಕೇಟಿನ ಮೇಲಿನ ಸಹಿಯು ಕಚೇರಿಯ ಫೈಲಿನಲ್ಲಿರುವ ಡಾ. ಇನಾಮದಾರ ಅವರ ಸಹಿಗಳೊಂದಿಗೆ ತಾಳೆಯಾಗುತ್ತಿಲ್ಲ. 18ರಂದು ಇಬ್ಬರೂ ಹಾಜರಾಗಬೇಕು.

ಫೈಲಿನಲ್ಲಿರುವುದು ಸ್ಪಿರಿಟ್ ಅರ್ಜಿ, ಕಾಲರಾ ರಿಪೋರ್ಟು. ಹತ್ತು ವರ್ಷದವು. ಒಂದೂ ಅವರದಲ್ಲ. ನಾಗಲಿಂಗ ಆ ಫೈಲಿನ ಮಾತು ಎತ್ತಿದಾಗಲೇ ಹೊಳೆಯಬೇಕಿತ್ತು. ಖರೇ ಸಹಿ ಇರುವುದು ಇದೊಂದೇ. ಅದೇ ಖೋಟಾ ಅಂತೆ.

ಕಾಂತಾಗೆ ಹೇಳಿದೆ. "ನಾ ಅವಾಗ ಹೇಳಿದ್ದೆ" ಎಂದು ಒಂದೇ ಮಾತು. ಊಟಕ್ಕೆ ಕರೆಯಲಿಲ್ಲ.

12-9-84

ಡಾಕ್ಟರರು ಶಾಂತವಾಗಿದ್ದಾರೆ. "ಅಂಜಬ್ಯಾಡ. ನಾ ಹೇಳ್ತೀನಲ್ಲ ಅಲ್ಲಿ. ವಯಸ್ಸಾತು, ಕೈ ಬದಲಾತು ಅಂದ್ರ ಮುಗೀತು."

ಚಂದ್ರಭಾಗಾಬಾಯಿ ಚಹಾ ತಂದುಕೊಟ್ಟರು. ಕಪ್-ಬಸಿಯಲ್ಲಿ. ಹನ್ನೊಂದು ವರ್ಷ ನನಗೆ ಸ್ಟೀಲಿನ ಲೋಟ, ಅದೂ ನಾನೇ ತೊಳೆದಿಡುವುದು. ಕುಡಿದೆ. ರುಚಿ ಹತ್ತಲಿಲ್ಲ.

18-9-84, ಮಂಗಳವಾರ. ಸಂಜೆ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮುಂಜಾನೆ ಒಂಬತ್ತಕ್ಕೆ ಟಿಳಕವಾಡಿ. ಡಾಕ್ಟರರು ಬಲಗೈ ಚಾಚಿದರು. "ಬಚ್ಚಲದಾಗ ಜಾರಿದೆ. ಮುಂಗೈ ಉಳಕೈತಿ. ಪಟ್ಟಿ ಕಟ್ಟು." ಕಟ್ಟಿದೆ. ಬಾವು ಕಾಣಲಿಲ್ಲ. ಕೇಳಲಿಲ್ಲ. ಬೆರಳಿನ ಬುಡದಿಂದ ಮೊಣಕೈವರೆಗೆ, ಎಳೆತ ಸಮ, ಪಿನ್ನು ಒಳಗೆ ಚುಚ್ಚದ ಹಾಗೆ. ಪಟ್ಟಿ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಆಟೋದಲ್ಲಿ ಕೈಹಿಡಿದು ಹತ್ತಿಸಿದವನೂ ನಾನೇ.

ಆಫೀಸಿನಲ್ಲಿ ಅಧಿಕಾರಿಗಳು ಮೇಜಿನ ಮೇಲೆ ಕಾಗದಗಳನ್ನು ಹರಡಿದ್ದರು. ಒಂದು ಕಡೆ ಹಳೆಯವು, ಇಪ್ಪತ್ತು ಮೂವತ್ತು. ಒಂದು ಕಡೆ ನನ್ನ ಸರ್ಟಿಫಿಕೇಟು, ಒಂದೇ.

"ಡಾಕ್ಟರ್, ಈ ಹಳೇವು ನಿಮ್ಮ ಸಹಿ ಏನ್ರಿ?"

ಡಾಕ್ಟರರು ಕನ್ನಡಕ ಹಾಕಿಕೊಂಡರು. ಒಂದೊಂದೇ ನೋಡಿದರು.

"ಹೌದ್ರಿ. ನನ್ನವ."

"ಮತ್ತ ಇದು?"

ಸರ್ಟಿಫಿಕೇಟು ನೋಡಿದರು. ನನ್ನನ್ನು ನೋಡಲಿಲ್ಲ.

"ಇದು ನನ್ನದಲ್ಲ."

ಅಧಿಕಾರಿಗಳು ಸರ್ಟಿಫಿಕೇಟು ತಮ್ಮ ಕಡೆಗೆ ಎಳೆದುಕೊಂಡರು.

"ಹಂಗಾದ್ರ ಯಾರು ಮಾಡ್ಯಾರ?"

"ನನಗೇನ ಗೊತ್ರಿ. ಕಾಗದ ತಂದು ಕೊಟ್ಟಾಂವ ಇಂವ. ಹನ್ನೊಂದ ವರ್ಷ ನನ್ನ ಬಾಜೂಕ ಇದ್ದಾನ, ನನ್ನ ಸಹಿ ನೋಡ್ಯಾನ. ಕಲಿಯಾಕ ನೋಡಿರಬೇಕು, ಬಂದಿಲ್ಲ."

ಬಂದಿಲ್ಲ. ಹಾಗೆಂದರು. ಈ ಮಾತೇ ಎಲ್ಲಕ್ಕಿಂತ ಉರಿಯುತ್ತಿದೆ.

ಅಧಿಕಾರಿಗಳು ಇಲ್ಲೇ ಒಂದು ಸಹಿ ಮಾಡಿ ತೋರಿಸಿ ಎಂದರು. ಡಾಕ್ಟರರು ಬಲಗೈ ಮೇಲೆತ್ತಿದರು. ನಾನು ಕಟ್ಟಿದ ಪಟ್ಟಿ.

"ನೀ ಏನಂತೀಪಾ?" ಎಂದು ಅಧಿಕಾರಿಗಳು ನನ್ನನ್ನು ಕೇಳಿದರು. ಮೇಜಿನ ಮೇಲೆ ಪೆನ್ನು ಇತ್ತು. ತೆಗೆದುಕೊಂಡು ಒಂದು ಸಲ ಎಳೆದಿದ್ದರೆ ಸಾಕಿತ್ತು, ಆ ಮೂವತ್ತರ ಜೊತೆ ತಾಳೆಯಾಗುವ ಸಹಿ. ಆದರೆ ಅದು ಮೂವತ್ತು ಖೋಟಾ ಸಹಿಯ ಕಬೂಲಿ. ಲೋಂಡಾದವರ ಸರ್ಟಿಫಿಕೇಟುಗಳೂ ಹೊರಬೀಳುತ್ತವೆ. ವೇಳೆ ಬೇಕ್ರಿ ಎಂದೆ. ಸೋಮವಾರ ಹತ್ತು ಗಂಟೆಗೆ ಲಿಖಿತ ಹೇಳಿಕೆ ತರಬೇಕು. ಇಲ್ಲವೆಂದರೆ ಪೊಲೀಸರಿಗೆ.

ಹೊರಗೆ ಬಂದ ಮೇಲೆ ಡಾಕ್ಟರರು ಆಟೋ ತಾವೇ ಹತ್ತಿದರು. ಬಲಗೈಯಿಂದ ಸರಳು ಹಿಡಿದು.

20-9-84, ಗುರುವಾರ

ಚಂದ್ರಭಾಗಾಬಾಯಿ ಮನೆಗೆ ಬಂದಿದ್ದರು. ನಮ್ಮ ಮನೆ ಅವರು ನೋಡಿದ್ದು ಇದೇ ಮೊದಲು. ಚಾಪೆಯ ಮೇಲೆ ಕೂತರು. ದನಿ ಮೆತ್ತಗಿತ್ತು.

"ಒಂದ ಸಹಿ ಮಾಡೀನಿ ಅಂತ ಒಪ್ಪಿಗೋಪಾ. ಕೇಸ್ ಆಗದಂಗ ಅವರು ನೋಡ್ಕೋತಾರ. ಪರೀಕ್ಷಾ ಹೋದ್ರ ಹೋತು. ಖಾನಾಪುರ ಪೂರಾ ನಿನಗ ಬಿಡ್ತಾರ. ಅವರದು ಬರೇ ಬೋರ್ಡ್."

"ಖರೇ ಹೇಳಿದ್ರ?"

"ಖರೇ ಹೇಳಿದ್ರ ಅವರ ರಜಿಸ್ಟ್ರೇಶನ್ ಹೋಗ್ತದ. ಅರವತ್ಮೂರು ಅವರಿಗೆ. ನಿನಗ ಜೇಲ್ ಆಗ್ತದ. ಇಬ್ಬರೂ ಹೋಗೂದ್ರಾಗ ಏನ್ ಸುಖ ಐತಿ ಹೇಳು?"

ಲೆಕ್ಕ ಸರಿಯಾಗಿದೆ. ಅದಕ್ಕೇ ಮೈ ಉರಿಯಿತು.

ಅವರು ಹೋದ ಮೇಲೆ ಕಾಂತಾ ಹೇಳಿದಳು, "ಒಪ್ಪಿಕೊಂಬಿಡ್ರಿ. ಮನಿ ನಡೀಬೇಕು. ಹಟ ಮಾಡಿ ಯಾರು ಉದ್ಧಾರ ಆಗ್ಯಾರ." ಅವಳ ಮೇಲೆ ಕೂಗಾಡಿದೆ. ಅವಳೂ ಕೂಗಾಡಿದಳು. ಬಾಜೂ ಮನೆಯವರು ಕಿಟಕಿ ತೆರೆದರು.

22-9-84, ಶನಿವಾರ. ಖಾನಾಪುರ, ಮಧ್ಯಾಹ್ನ

ಯಾಕೆ ಬಂದೆ ಗೊತ್ತಿಲ್ಲ. ಕಾಲು ರೂಢಿಯ ಮೇಲೆ ಬಂದವು. ಮೂವತ್ತೆಂಟು ಪೇಷಂಟು. ಗುರುಪಾದಪ್ಪ ಎನ್ನುವ ಗ್ಯಾಂಗ್‌ಮನ್ ಸಿಕ್ ಸರ್ಟಿಫಿಕೇಟು ಕೇಳಿದ. ಖರೇ ಟೈಫಾಯಿಡ್, ಗೋಡೆ ಹಿಡಿದು ನಿಂತಿದ್ದ. ಬರೆದೆ. ಸಹಿಯ ಜಾಗಕ್ಕೆ ಬಂದು ಕೈ ನಿಂತಿತು. ಆಗುವುದಿಲ್ಲ ಎಂದೆ.

"ಹತ್ತ ವರ್ಷ ಎಲ್ಲಾರಿಗೂ ಹಾಕೀರಿ. ನನಗಷ್ಟ ಯಾಕ ಇಲ್ಲ? ನಾ ಏನ್ ತಪ್ಪ ಮಾಡೀನಿ?"

ಬೈದು ಹೋದ. ಅವನದೇನೂ ತಪ್ಪಿಲ್ಲ. ಹೊರಗೆ ಕೂತವರು ಕೇಳಿಸಿಕೊಂಡರು. ಯಾರೂ ನನ್ನ ಪರವಾಗಿ ಮಾತಾಡಲಿಲ್ಲ.

23-9-84

ಒಪ್ಪಿಕೊಂಡು ಬಿಡಬೇಕು ಎಂದು ಮುಂಜಾನೆ ನಿರ್ಧಾರ ಮಾಡಿದೆ. ಬರೆಯಲು ಕೂತೆ. "ಸದರಿ ಸಹಿಯನ್ನು ನಾನೇ ಮಾಡಿದ್ದು" ಎಂದು ಬರೆದೆ. ಓದಿದೆ. ಅಷ್ಟು ಕೆಟ್ಟ ಸಹಿಯನ್ನು ನಾನು ಮಾಡುತ್ತೇನೆಯೇ? ಹರಿದೆ.

24-9-84, ಸೋಮವಾರ. ಮುಂಜಾನೆ 7-30

ಕಾಂತಾ ತವರಿಗೆ ಹೋದಳು. ಟ್ರಂಕು ತೆಗೆದುಕೊಂಡೇ ಹೋದಳು.

ಹತ್ತಕ್ಕೆ ಆಫೀಸು. ಇವತ್ತು ಖಾನಾಪುರದ ಪಾಳಿ. ಬಾಗಿಲ ಮುಂದೆ ಇಷ್ಟು ಹೊತ್ತಿಗೆ ಮಂದಿ ಬಂದು ಕೂತಿರುತ್ತಾರೆ. ಇನ್ನು ಮೇಲೆ ಅಲ್ಲಿ ಯಾರೂ ಬರುವುದಿಲ್ಲ, ನಾನೂ ಇಲ್ಲ, ಅವರೂ ಇಲ್ಲ. ಪರೀಕ್ಷೆ ಇಲ್ಲ. ಜೇಲು ಆದರೆ ಎಷ್ಟು ದಿನವೋ ಕೇಳಿಕೊಂಡಿಲ್ಲ.

ಮೊದಲು ಇಲ್ಲಿ ಬರೆದು ಆಮೇಲೆ ಹಾಳೆಗೆ ಇಳಿಸುತ್ತೇನೆ. ಕನ್ನಡದಲ್ಲೇ. ಇಂಗ್ಲಿಷಿನಲ್ಲಿ ಬರೆದರೆ ಅಕ್ಷರ ಡಾಕ್ಟರರದೇ ಬರುತ್ತದೆ.

ಮಾನ್ಯರೇ,

ಗುರುಪುತ್ರಪ್ಪ ಲಕ್ಷ್ಮಪ್ಪ ತೋಟಗಿ, ಉದ್ಯೋಗ ಕಂಪೌಂಡರ್, ಬರೆದುಕೊಡುವ ಹೇಳಿಕೆ. ಸರ್ಟಿಫಿಕೇಟಿನ ಮೇಲಿನ ಸಹಿ ಡಾ. ಇನಾಮದಾರ ಅವರದೇ. ನನ್ನ ಎದುರಿಗೆ, ಅವರ ಕೈಯಿಂದಲೇ ಆದದ್ದು. ಫೈಲಿನಲ್ಲಿರುವ ಉಳಿದ ಸಹಿಗಳೆಲ್ಲ ನನ್ನವು. ತಾವು ಹೇಳಿದರೆ ತಮ್ಮ ಎದುರಿಗೆ ಮಾಡಿ ತೋರಿಸುತ್ತೇನೆ. 1974ರ ಮಳೆಗಾಲದಿಂದ, ಈ ಜುಲೈ ತಿಂಗಳಿನ ಒಂದು ದಿನ ಬಿಟ್ಟರೆ, ಖಾನಾಪುರದ ದವಾಖಾನೆಗೆ ಡಾಕ್ಟರರು ಬಂದಿಲ್ಲ. ಈ ಹತ್ತು ವರ್ಷ ಅಲ್ಲಿ ಜ್ವರ ನೋಡಿದವನು, ಔಷಧ ಕಲಸಿದವನು, ಸೂಜಿ ಮಾಡಿದವನು, ಸಹಿ ಹಾಕಿದವನು ನಾನು.